ಅಮ್ಮನ ಮೈಬಣ್ಣ ಯಾವುದು, ಸ್ವಾಮಿ?

ಕಂಪ್ಯೂಟರ್ ಬರೆಯುವ ಚಿತ್ರಕ್ಕೆ ಕಲಾವಿದ ಯಾಕೆ ಬೇಕು ಎಂದು ಜಿಲ್ಲಾ ಕೇಂದ್ರದ ಸಭೆಯೊಂದರಲ್ಲಿ ಹಿರಿಯ ಕಲಾ ವಿಮರ್ಶಕರೊಬ್ಬರು ಕೇಳಿದರು. ಸಭೆ ನಕ್ಕಿತು. ನಾವು ಹಿಂದಿನ ಸಾಲಿನಲ್ಲಿದ್ದೆವು, ನಗಲಿಲ್ಲ. ನಮ್ಮ ಚೀಲದಲ್ಲಿ ಅಂಥದೇ ಒಂದು ಚಿತ್ರ ಸುರುಳಿ ಸುತ್ತಿಕೊಂಡು ಕೂತಿತ್ತು. ಅವತ್ತೇ ಎದ್ದು ನಿಂತು ಉತ್ತರ ಕೊಡಬೇಕಾಗಿತ್ತು. ಕೊಡಲಿಲ್ಲ. ಮನೆಯಲ್ಲಿ ಮೊದಲ ಸಲ ಡಿಗ್ರಿ ಕಂಡವರ ಬಾಯಿ ಇಂಥ ಸಭೆಗಳಲ್ಲಿ ಒಂದು ಗಳಿಗೆ ತಡವಾಗಿ ತೆರೆಯುತ್ತದೆ, ಅಷ್ಟರಲ್ಲಿ ವಂದನಾರ್ಪಣೆ ಮುಗಿದು ಕಾಫಿ ಬಂದಿರುತ್ತದೆ. ಆ ಉತ್ತರವನ್ನು ಈಗ ಬರೆಯುತ್ತಿದ್ದೇವೆ. ಆ ಹಿರಿಯರು ಇದನ್ನು ಓದುತ್ತಾರೆಂಬ ಭ್ರಮೆ ನಮಗಿಲ್ಲ. ನೀವು ಓದಿ.

ಚಿತ್ರ ಯಾವುದು ಅನ್ನೋದನ್ನ ಮೊದಲು ಹೇಳಬೇಕು. ನಮ್ಮ ಗೆಳೆಯರೊಬ್ಬರು ಹಳ್ಳಿ ಶಾಲೆಯ ಮೇಷ್ಟ್ರು. ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರದ ಪಟ ಬೇಕಿತ್ತು. ಪೇಟೆಯಲ್ಲಿ ಸಿಕ್ಕ ಪಟದಲ್ಲಿ 'ಅ' ಅಂದರೆ ಅಮ್ಮ. ಸಂತೋಷವೇ. ಆದರೆ ಆ ಅಮ್ಮ ಹಾಲಿನಲ್ಲಿ ಅದ್ದಿ ತೆಗೆದ ಹಾಗಿದ್ದಾಳೆ, ಗ್ಯಾಸಿನ ಒಲೆ ಮುಂದೆ ನಿಂತಿದ್ದಾಳೆ, ಸೀರೆಗೆ ಒಂದು ಸುಕ್ಕಿಲ್ಲ, ಕೈಗೆ ಒಂದು ಕಲೆಯಿಲ್ಲ. ಹುಡುಗನೊಬ್ಬ ಎದ್ದು, "ಸಾ, ಇವ್ರು ಯಾರ ಅಮ್ಮ?" ಅಂದನಂತೆ. ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಸಂಜೆ ಬಸ್ಸು ಹತ್ತಿ ನಮ್ಮ ರೂಮಿಗೇ ಬಂದರು. "ನಮ್ಮ ಮಕ್ಕಳ ಅಮ್ಮನ್ನ ಬರೆದುಕೊಡ್ರಪ್ಪ" ಅಂದರು.

ನಮ್ಮ ಬಳಗದಲ್ಲಿ ಚಿತ್ರ ಬರೆಯುವವಳು ಒಬ್ಬಳೇ. ಮನೆಗಳಿಗೆ ಸುಣ್ಣಬಣ್ಣ ಬಳಿಯುವ ಕೂಲಿಯವರ ಮಗಳು. ಉಳಿದ ನಾವು ಪದ್ಯ ಬರೆಯುವವರು. ಕನ್ನಡದಲ್ಲಿ ಪದ್ಯವನ್ನೂ ಬರೀತೀವಿ, ಚಿತ್ರವನ್ನೂ ಬರೀತೀವಿ, ಎರಡಕ್ಕೂ ಒಂದೇ ಮಾತು. ಹಾಗಾಗಿ ಅವಳ ಪಕ್ಕದಲ್ಲಿ ಚಹಾ ಲೋಟ ಹಿಡಿದುಕೊಂಡು ಕೂರುವ ಹಕ್ಕು ನಮಗಿದೆ ಎಂದು ಭಾವಿಸಿ ಕೂತೆವು. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇವೆ.

ಅವಳು ಮೊದಲ ಮೂರು ದಿನ ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ರಾಗಿ ಕೊಯ್ಲಿನ ಕಾಲ. ಬೆಳಿಗ್ಗೆ ಎದ್ದು ಹೊಲಕ್ಕೆ ಹೋದಳು. ಕೂಲಿಗೆ ಬಂದಿದ್ದ ನಮ್ಮಲ್ಲೊಬ್ಬನ ತಾಯಿಯನ್ನು ಕೇಳಿ ಫೋನಿನಲ್ಲಿ ಫೋಟೋ ತೆಗೆದಳು. ಬಗ್ಗಿದಾಗ, ಎದ್ದಾಗ, ಹೊರೆ ಹೊತ್ತಾಗ. "ಬೆವರು ಬಂದದೆ ಕಣವ್ವ, ಮುಖ ತೊಳ್ಕಂಡು ಬತ್ತೀನಿ ತಡಿ" ಅಂತ ಆ ತಾಯಿ. "ಬ್ಯಾಡ ಅತ್ತೆ, ಹಿಂಗೇ ಇರಿ" ಅಂತ ಇವಳು. ಆಮೇಲೆ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಹಿಡಿದು, ಬೆಂಕಿಪೊಟ್ಟಣದಷ್ಟು ಸಣ್ಣ ಸಣ್ಣ ಚೌಕಗಳಲ್ಲಿ ಗೀಚಿದಳು. ಒಂದರಲ್ಲಿ ಅಮ್ಮ ದೂರ, ಒಂದರಲ್ಲಿ ಹತ್ತಿರ. ಒಂದರಲ್ಲಿ ಮಗು ಸೊಂಟದ ಮೇಲೆ, ಒಂದರಲ್ಲಿ ಬದುವಿನ ಮೇಲೆ. ಇಪ್ಪತ್ತಕ್ಕೂ ಹೆಚ್ಚು ಗೀಚಿ, ಹೊಡೆದು ಹಾಕಿ, ಒಂದನ್ನು ಉಳಿಸಿಕೊಂಡಳು. ಸೆರಗನ್ನು ನಡುವಿಗೆ ಬಿಗಿದು, ಬಲಗೈಯಲ್ಲಿ ಕುಡುಗೋಲು, ಎಡಗೈಯಲ್ಲಿ ಒಂದು ಹಿಡಿ ತೆನೆ, ಈಗ ತಾನೆ ಬೆನ್ನು ನೆಟ್ಟಗೆ ಮಾಡಿ ನಮ್ಮ ಕಡೆ ತಿರುಗಿದ ಹೆಂಗಸು. ಕಂಪ್ಯೂಟರ್ ಬರೆದದ್ದು ಇದರಲ್ಲಿ ಯಾವುದು ಸ್ವಾಮಿ? ಪೆನ್ಸಿಲ್ಲೇ? ಬದುವೇ?

ಆಮೇಲೆ ಆ ಗೀಚನ್ನು ಫೋಟೋ ತೆಗೆದು ಯಂತ್ರಕ್ಕೆ ಹಾಕಿದಳು. ಗೋಡೆಗೆ ತೂಗುಹಾಕುವ ಪಟ, ಎ3 ಅಳತೆ. ಅಚ್ಚಿಗೆ ಹೋಗಬೇಕಾದರೆ ಇಂಚಿಗೆ 300 ಚುಕ್ಕಿ. ಅಂದರೆ ಅಡ್ಡಕ್ಕೆ 3508, ಉದ್ದಕ್ಕೆ 4961, ಒಟ್ಟು ಸುಮಾರು 1 ಕೋಟಿ 74 ಲಕ್ಷ ಚುಕ್ಕಿ. ಪೂರ್ತಿ ಬಣ್ಣ ತುಂಬಿದ ಒಂದೊಂದು ಪದರಕ್ಕೂ ಸುಮಾರು 70 ಎಂಬಿ ನೆನಪು ಬೇಕು. ನಮ್ಮದು ಕಾಲೇಜಿನಲ್ಲಿ ಸರ್ಕಾರದಿಂದ ಸಿಕ್ಕ ಲ್ಯಾಪ್‌ಟಾಪು. ಅದಕ್ಕಿರುವ ನೆನಪು 4 ಜಿಬಿ, ಅದರಲ್ಲಿ ಅರ್ಧವನ್ನು ಅದೇ ತಿಂದುಕೊಳ್ಳುತ್ತದೆ. ಹದಿನೈದನೇ ಪದರ ದಾಟಿದರೆ ಫ್ಯಾನು ರಾಗಿ ಮಿಷಿನ್ನಿನ ಥರ ಕೂಗುತ್ತದೆ. ಒಂದು ಗೆರೆ ಎಳೆದರೆ ಅದು ಪರದೆ ಮೇಲೆ ಬರುವಷ್ಟರಲ್ಲಿ ಒಂದು ಬೀಡಿ ಸೇದಬಹುದು. ಕರೆಂಟಿನ ಕತೆ ಹೇಳುವುದಿಲ್ಲ, ನಿಮ್ಮೂರಲ್ಲೂ ಅದೇ.

ಪದರ ಅಂದರೇನು ಎಂಬುದು ಹಿರಿಯ ವಿಮರ್ಶಕರಿಗೆ ಅರ್ಥವಾಗಿರಲಿಲ್ಲ. ಇವಳ ಅಪ್ಪನಿಗೆ ಒಂದೇ ನಿಮಿಷದಲ್ಲಿ ಅರ್ಥವಾಯಿತು. ಕೆಲಸ ಮುಗಿಸಿ, ಮೊಣಕೈವರೆಗೂ ಡಿಸ್ಟೆಂಪರ್ ಮೆತ್ತಿಕೊಂಡು ಬಂದವರು, ಮಗಳ ಹಿಂದೆ ನಿಂತು ನೋಡಿದರು. ಅಡಿಯಲ್ಲಿ ಪೆನ್ಸಿಲ್ ಗೀಚು. ಅದರ ಮೇಲೆ ಗಾಜಿನ ಹಾಳೆ ಇಟ್ಟ ಹಾಗೆ ಇನ್ನೊಂದು ಪದರ, ಅದರಲ್ಲಿ ಗೆರೆ. ಗೆರೆಯ ಕೆಳಗೆ ಇನ್ನೊಂದು, ಅದರಲ್ಲಿ ಸಪಾಟು ಬಣ್ಣ. ಬಣ್ಣದ ಮೇಲೆ ನೆರಳಿಗೆ ಒಂದು, ಬಿಸಿಲಿಗೆ ಒಂದು. "ಪುಟ್ಟಿ, ಪ್ರೈಮರು, ಎರಡು ಕೈ ಬಣ್ಣ. ಅಷ್ಟೇ ತಾನೆ ಮಗ?" ಅಂದರು. ಅಷ್ಟೇ. ಮೊದಲ ಕೈ ಒಣಗದೆ ಎರಡನೇ ಕೈ ಹೊಡೆದರೆ ಗೋಡೆ ಬುರುಬುರು ಏಳುತ್ತದೆಂದು ತಿಳಿದವರಿಗೆ, ಕೆಳಗಿನದನ್ನು ಕೆಡಿಸದೆ ಮೇಲೆ ಕೆಲಸ ಮಾಡುವುದು ಅಂದರೇನೆಂದು ವಿವರಿಸಬೇಕಾಗಿಲ್ಲ. ನೆರಳಿನ ಪದರವನ್ನು ಯಂತ್ರದಲ್ಲಿ 'ಗುಣಿಸು' ಎಂಬ ಬಗೆಗೆ ಇಡುತ್ತಾರೆ. ಲೆಕ್ಕ ಸುಲಭ. ಬಿಳಿ ಅಂದರೆ 1, ಕಪ್ಪು ಅಂದರೆ 0. ಮೇಲಿನದನ್ನು ಕೆಳಗಿನದರಿಂದ ಗುಣಿಸಿದಾಗ, ಮೇಲೆ ಬಿಳಿ ಇದ್ದರೆ ಕೆಳಗಿನ ಬಣ್ಣ ಇದ್ದ ಹಾಗೇ ಇರುತ್ತದೆ, ಕಪ್ಪಿದ್ದರೆ ಮುಳುಗುತ್ತದೆ, ನಡುವಿನದಾದರೆ ಅಷ್ಟಷ್ಟು ಕಪ್ಪಾಗುತ್ತದೆ. ಯಂತ್ರ ಮಾಡುವುದು ಈ ಗುಣಾಕಾರವನ್ನು. ನೆರಳು ಎಲ್ಲಿ ಬೀಳಬೇಕು ಎಂಬುದನ್ನಲ್ಲ.

ಇದೇನೂ ನಿನ್ನೆ ಮೊನ್ನೆಯ ಮಾಯೆಯಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದಾಗ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕಿತ್ತು. ಕಲ್ಲಿನ ಮೇಲೆ ಕಲ್ಲು ಒತ್ತಿ ಲಕ್ಷ್ಮಿ, ಸರಸ್ವತಿಯರನ್ನು ಅಚ್ಚುಹಾಕಿ ದೇಶದ ಗೋಡೆಗೋಡೆಗೂ ಹಂಚಿದರು. ಕಲ್ಲು ಚಿತ್ರ ಬರೆಯಿತು ಎಂದು ಯಾವ ಪಂಡಿತರೂ ಅನ್ನಲಿಲ್ಲ. 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಡೇವಿಡ್ ಹಾಕ್ನಿ ಐಪ್ಯಾಡಿನಲ್ಲಿ ಬರೆದ ಚಿತ್ರಗಳನ್ನು ದೊಡ್ಡದಾಗಿ ಅಚ್ಚುಹಾಕಿ ಸಾಲಾಗಿ ತೂಗುಹಾಕಿದರು. ಎಪ್ಪತ್ತು ದಾಟಿದ ಮನುಷ್ಯ ಗಾಜಿನ ಮೇಲೆ ಬೆರಳಾಡಿಸಿ ವಸಂತ ಬರೆದದ್ದನ್ನು ನಾವೂ ಮೆಚ್ಚಿದೆವು. ಅಲ್ಲಿ ಅದು ಪ್ರಯೋಗ. ನಮ್ಮ ಹುಡುಗಿ ಬರೆದರೆ ಕಂಪ್ಯೂಟರ್. ಕೈ ಯಾರದು ಎಂದು ನೋಡಿಕೊಂಡು ಕಲೆಯ ವ್ಯಾಖ್ಯಾನ ಬದಲಾಯಿಸುವ ಈ ಬೌದ್ಧಿಕ ಕಸರತ್ತು ನಮಗೆ ಹೊಸದಲ್ಲ. ಮಡಕೆ ಮಾಡಿದರೆ ಕಸುಬು, ಅದೇ ಮಣ್ಣು ಗ್ಯಾಲರಿಯಲ್ಲಿ ಕೂತರೆ ಶಿಲ್ಪ.

ಸಲಕರಣೆಯ ವಿಷಯಕ್ಕೆ ಒಂದು ಮಾತು. ಫೋಟೋಶಾಪ್ ಬಂದದ್ದು 1990ರಲ್ಲಿ. 2013ರಿಂದ ಆ ಕಂಪನಿ ಹೊಸ ಆವೃತ್ತಿಗಳನ್ನು ಬಾಡಿಗೆಯ ದಾರಿಗೆ ತಂದಿತು, ಕಟ್ಟುತ್ತಲೇ ಇರಬೇಕು, ನಿಲ್ಲಿಸಿದರೆ ಬಾಗಿಲು ಬಂದ್. ಗೇಣಿ ಪದ್ಧತಿ ಹೋಯ್ತು ಅಂತ ಅಂದುಕೊಂಡಿದ್ದೆವು, ಅದು ಇಲ್ಲಿ ಬಂದು ಕೂತಿದೆ. ಇವಳು ಬಳಸುವುದು ಕ್ರಿತಾ. ಕಾಸಿಲ್ಲ, ಒಳಗಿನ ಬರಹವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಲೋಕದ ನಾನಾ ಕಡೆಯ ಜನ ಸೇರಿ ಕಟ್ಟಿದ್ದು. ಗೆರೆ ಎಳೆಯಲು ಸೆಕೆಂಡ್‌ಹ್ಯಾಂಡ್ ಪೆನ್ ಟ್ಯಾಬ್ಲೆಟ್ಟು. ಅದರ ಮೇಲೆ ಚಿತ್ರ ಕಾಣುವುದಿಲ್ಲ. ಕೈ ಕೆಳಗೆ ಬರೆಯುತ್ತದೆ, ಕಣ್ಣು ಮೇಲೆ ಪರದೆ ನೋಡುತ್ತದೆ. ಕೈಗೂ ಕಣ್ಣಿಗೂ ಈ ಹೊಂದಾಣಿಕೆ ಬರಲಿಕ್ಕೆ ಅವಳಿಗೆ ಆರು ತಿಂಗಳು ಹಿಡಿಯಿತು. ನಾವೂ ಹಿಡಿದು ನೋಡಿದೆವು, ಒಂದು ಸೊನ್ನೆ ಸರಿಯಾಗಿ ಸುತ್ತಲಾಗಲಿಲ್ಲ. ಒತ್ತಿದರೆ ಗೆರೆ ದಪ್ಪ, ಸಡಿಲ ಬಿಟ್ಟರೆ ಸಣ್ಣ. ಬರೆಯುವವರ ಉಸಿರು ಕೂಡ ಅದರಲ್ಲಿ ಕಾಣುತ್ತದೆ. ಇಷ್ಟಾದ ಮೇಲೂ ಇದು ಕೈಯ ಕಸುಬಲ್ಲವಂತೆ.

ಈಗ ನಿಜವಾದ ಜಗಳಕ್ಕೆ ಬರೋಣ. ಬಣ್ಣ.

ಗೆರೆ ಮುಗಿದು ಅಮ್ಮನ ಮುಖಕ್ಕೆ ಬಣ್ಣ ತುಂಬುವ ರಾತ್ರಿ ಬಂತು. ಅಂತರ್ಜಾಲದಲ್ಲಿ 'ಸ್ಕಿನ್' ಎಂದು ಹೆಸರಿಟ್ಟ ಸಿದ್ಧ ಬಣ್ಣಗಳ ಸಾಲು ಬೇಕಾದಷ್ಟು ಸಿಗುತ್ತವೆ. ಅವಳು ತಂದಿದ್ದ ಸಾಲಿನಲ್ಲಿ ಮೊದಲ ಏಳೆಂಟು ಬಣ್ಣ ಗುಲಾಬಿ, ಕೆನೆ, ಪೀಚು. ಕೊನೆಯಲ್ಲಿ ಕಂದು ಎರಡೇ ಎರಡು, ಊರ ಹೊರಗಿನ ಮನೆಗಳ ಹಾಗೆ. ನಮಗೆ ನಮ್ಮ ಶಾಲೆಯ ಬಳಪದ ಡಬ್ಬಿ ನೆನಪಾಯಿತು. ಅದರಲ್ಲಿ ಒಂದು ಬಳಪವನ್ನು 'ಸ್ಕಿನ್ ಕಲರ್' ಅನ್ನುತ್ತಿದ್ದೆವು. ಪೀಚಿನ ಬಣ್ಣ. ಇಡೀ ಕ್ಲಾಸಿನಲ್ಲಿ ಆ ಬಣ್ಣದ ಚರ್ಮ ಇರುವವರು ಒಬ್ಬರೂ ಇರಲಿಲ್ಲ, ಆದರೂ ಅದೇ ಮೈಬಣ್ಣ. ಅಪ್ಪ, ಅಮ್ಮ, ಗಾಂಧಿ, ಎಲ್ಲರಿಗೂ ಅದನ್ನೇ ತಿಕ್ಕಿದೆವು. ಅಮೆರಿಕದ ಕ್ರಯೋಲಾ ಕಂಪನಿ ತನ್ನ 'ಮಾಂಸದ ಬಣ್ಣ' ಎಂಬ ಬಳಪದ ಹೆಸರನ್ನು 1962ರಲ್ಲೇ ಪೀಚ್ ಎಂದು ಬದಲಾಯಿಸಿತು. ನಮ್ಮ ತರಗತಿಗಳಲ್ಲಿ ಅದರ ಹಳೇ ಹೆಸರು ಇನ್ನೂ ಸತ್ತಿಲ್ಲ. ಮೇಷ್ಟ್ರುಗಳೇ, ನಾಳೆ ನಿಮ್ಮ ಮಕ್ಕಳನ್ನು ಕೇಳಿ ನೋಡಿ.

ಫೋಟೋದ ಚರಿತ್ರೆ ಇನ್ನೂ ಚೆಂದ. ಕೊಡಾಕ್ ಕಂಪನಿ 1950ರ ದಶಕದಿಂದ ಫೋಟೋ ತೊಳೆಯುವ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡು ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಂಗಸು. ಶರ್ಲಿ ಕಾರ್ಡ್ ಎಂದೇ ಅದಕ್ಕೆ ಹೆಸರು ಬಿತ್ತು. ಅವಳ ಮುಖ ಸರಿಯಾಗಿ ಬಂದರೆ ಬಣ್ಣ ಸರಿ ಎಂದು ಲೆಕ್ಕ. ಕಪ್ಪು ಜನರ ಮುಖ ಮಸಿಯ ಮುದ್ದೆಯಾಗಿ ಬಂದರೆ ಅದು ಅವರ ಹಣೆಬರಹ. ಆ ಫಿಲ್ಮು ಸುಧಾರಿಸಿದ್ದಕ್ಕೆ ದೊಡ್ಡ ಕಾರಣ ಯಾರ ದೂರು ಗೊತ್ತೇ? ಚಾಕೊಲೇಟ್ ಕಂಪನಿಯವರದು, ಮರದ ಮೇಜು ಕುರ್ಚಿ ಮಾರುವವರದು. ತಮ್ಮ ಸರಕಿನ ಕಂದು ಬಣ್ಣಗಳ ನಡುವಿನ ವ್ಯತ್ಯಾಸ ಜಾಹೀರಾತಿನಲ್ಲಿ ಕಾಣುತ್ತಿಲ್ಲ ಎಂದು ಅವರು ಗಲಾಟೆ ಮಾಡಿದರು. ಮನುಷ್ಯರ ಮುಖಕ್ಕಾಗದ ನ್ಯಾಯ ಬೀರುವಿಗೆ ಆಯಿತು.

ನಮ್ಮವಳೂ ಮೊದಲು ತಪ್ಪೇ ಮಾಡಿದಳು, ಮುಚ್ಚಿಡುವುದಿಲ್ಲ. ಆ ಕಂದನ್ನು ತೆಗೆದು, ನೆರಳಿಗೆ ಕಪ್ಪು ಬೆರೆಸಿದಳು, ಬೆಳಕಿಗೆ ಬಿಳಿ ಬೆರೆಸಿದಳು. ಅಮ್ಮನ ಮುಖ ಒಲೆಯ ಬೂದಿಯಾಯಿತು. ಬದುಕಿರುವ ಹೆಂಗಸಲ್ಲ ಅದು. ರಾತ್ರಿ ಎರಡು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ ಮಲಗಿದಳು. ಬೆಳಿಗ್ಗೆ ಎದ್ದವಳೇ ತನ್ನ ಅವ್ವನನ್ನು ಬಾಗಿಲ ಹೊಸಲಿನ ಮೇಲೆ ಕೂರಿಸಿ ಒಂದು ಗಂಟೆ ಸುಮ್ಮನೆ ನೋಡಿದಳು. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ನಾವೂ ನೋಡಿದೆವು, ಇಪ್ಪತ್ತೈದು ವರ್ಷ ತಾಯಂದಿರ ಮೇಲೆ ಪದ್ಯ ಓದಿಕೊಂಡು ಬಂದವರು, ಅವತ್ತೇ ಮೊದಲು ಸರಿಯಾಗಿ ನೋಡಿದೆವು ಅನ್ನಬೇಕು. ಕಪ್ಪು ಅಂದುಕೊಂಡ ಹಣೆಯಲ್ಲಿ ಆಕಾಶದ ನೀಲಿ ಕೂತಿತ್ತು, ಎಣ್ಣೆ ಸವರಿದ ಬಾಗಿಲ ಹಲಗೆಯಲ್ಲಿ ಕಾಣುವ ಹಾಗೆ. ಗಲ್ಲದ ಕೆಳಗೆ ಅಂಗಳದ ಕೆಮ್ಮಣ್ಣಿನ ಕೆಂಪು ಹೊರಳಿ ಬಿದ್ದಿತ್ತು. ಕಿವಿಯ ಅಂಚಿಗೆ ಬಿಸಿಲು ತಾಗಿ ತಾಮ್ರ. ಕತ್ತಿನ ನೆರಳು ಕಪ್ಪಲ್ಲ, ನೇರಳೆ ಹಣ್ಣಿನ ಬಣ್ಣ. ಕಪ್ಪು ಚರ್ಮದ ಮೇಲೆ ಬೆಳಕಿನ ಹೊಳಪು ಬಿಳಿ ಚರ್ಮದಲ್ಲಿರುವುದಕ್ಕಿಂತ ಎದ್ದು ಕಾಣುತ್ತದೆ, ಹಾಗಾಗಿ ಸುತ್ತಲ ಎಲ್ಲ ಬಣ್ಣವೂ ಅದರಲ್ಲಿ ಕನ್ನಡಿಯಂತೆ ಬಂದು ಕೂರುತ್ತದೆ. ಇದನ್ನು ಯಾವ ಸಿದ್ಧ ಬಣ್ಣದ ಸಾಲೂ ಹೇಳಿಕೊಡುವುದಿಲ್ಲ.

ಅವತ್ತು ಮತ್ತೆ ಕೂತಳು. ಕೆಂಪು 96, ಹಸಿರು 56, ನೀಲಿ 38, ಇದು ಮೂಲ ಬಣ್ಣ. ಬೇಕಾದವರು ಬರೆದುಕೊಳ್ಳಿ. ನೆರಳಿಗೆ ಕಪ್ಪು ಬೆರೆಸದೆ ನೇರಳೆಯ ಕಡೆ ಸರಿಸಿದಳು, ಬೆಳಕಿಗೆ ಬಿಳಿ ಬೆರೆಸದೆ ತಾಮ್ರದ ಕಡೆ, ಹಣೆಯ ತುದಿಗೆ ಮಾತ್ರ ಒಂದಿಷ್ಟು ನೀಲಿ. ಗೆರೆಗಳೂ ಕಪ್ಪಲ್ಲ, ಗಾಢ ಕಂದು. ಮಧ್ಯಾಹ್ನದ ಹೊತ್ತಿಗೆ ಅಮ್ಮ ಉಸಿರಾಡಿದಳು.

ನಡುವೆ ಬಳಗದ ಒಬ್ಬ ಬುದ್ಧಿವಂತ, "ಇಷ್ಟೆಲ್ಲ ಯಾಕೆ, ಈಗ ಮಾತು ಕೊಟ್ಟರೆ ಚಿತ್ರ ಕೊಡುವ ಯಂತ್ರಗಳಿವೆಯಲ್ಲ" ಅಂದ. 2022ರಿಂದೀಚೆಗೆ ಅವು ಎಲ್ಲರ ಕೈಗೂ ಬಂದಿವೆ. ಸರಿ, ನೋಡೇ ಬಿಡೋಣ ಅಂತ ರಾಗಿ ಕೊಯ್ಯುವ ತಾಯಿ ಎಂದು ಕೊಟ್ಟೆವು. ಬಂದವಳ ಕೈತುಂಬ ಬಳೆ, ಮೂಗಿಗೆ ದೊಡ್ಡ ನತ್ತು, ಸುತ್ತ ಗೋಧಿ ಹೊಲ, ಕುಡುಗೋಲಿನ ಬಾಯಿ ಹೊರಮುಖವಾಗಿತ್ತು. ಕೊಯ್ದರೆ ಗಾಳಿಯನ್ನೇ ಕೊಯ್ಯಬೇಕು. ಆ ಯಂತ್ರಗಳು ಕಲಿತದ್ದು ಅಂತರ್ಜಾಲದಲ್ಲಿ ಬಿದ್ದಿರುವ ಕೋಟ್ಯಂತರ ಚಿತ್ರಗಳಿಂದ, ಬರೆದವರಲ್ಲಿ ಬಹುಪಾಲು ಜನರನ್ನು ಕೇಳದೆ. ಅಲ್ಲಿ ನಮ್ಮ ಅಮ್ಮಂದಿರ ಚಿತ್ರ ಎಷ್ಟಿದ್ದಾವು? ಇಲ್ಲದ್ದನ್ನು ಅದು ಎಲ್ಲಿಂದ ತಂದೀತು? ಕಂಪ್ಯೂಟರ್ ಬರೆಯುವ ಚಿತ್ರ ಎಂದು ಹಿರಿಯರು ಅಂದದ್ದು ಇದಕ್ಕೆ ಸಲ್ಲುತ್ತದೆ. ನಮ್ಮವಳ ಕೆಲಸಕ್ಕೂ ಇದಕ್ಕೂ ಇರುವ ದೂರ ಕಾಣದವರು ವಿಮರ್ಶೆ ಬಿಟ್ಟು ಬೇರೆ ಉದ್ಯೋಗ ನೋಡಿಕೊಳ್ಳುವುದು ಒಳ್ಳೆಯದು.

ಚಿತ್ರವನ್ನು ಮೊದಲು ತೋರಿಸಿದ್ದು ಯಾರ ಫೋಟೋ ತೆಗೆದಿದ್ದೆವೋ ಆ ತಾಯಿಗೆ. ಎದೆ ಡವಡವ ಅನ್ನುತ್ತಿತ್ತು. ಅದಕ್ಕೆ ಕಾರಣವಿತ್ತು. ಹಿಂದಿನ ದಿನ ನಮ್ಮವರೇ ಒಬ್ಬರು, ಚಳವಳಿಯಲ್ಲಿ ಕೂದಲು ಹಣ್ಣಾದವರು, ಚಿತ್ರ ನೋಡಿ ಸಿಟ್ಟಾಗಿದ್ದರು. "ಯಾಕ್ರಯ್ಯ ಇಷ್ಟು ಕಪ್ಪು? ಅವರು ನಮ್ಮನ್ನ ಕರಿಯ ಅಂತ ಜರಿದದ್ದು ಸಾಲದಾ, ನೀವೂ ಗೋಡೆಗೆ ಹಾಕಿ ತೋರಿಸ್ತೀರಾ?" ಅಂದಿದ್ದರು. ಆ ಮಾತನ್ನು ನಾವು ಹಗುರವಾಗಿ ತೆಗೆದುಕೊಂಡಿಲ್ಲ. ಬೈಗುಳ ತಿಂದ ಮೈ ಅದು. ಮದುವೆಗೆ ಮುಂಚೆ ಹುಡುಗಿಯ ಫೋಟೋವನ್ನು ಸ್ಟುಡಿಯೋದಲ್ಲಿ ಬೆಳ್ಳಗೆ ಮಾಡಿಸುವುದು ನಮ್ಮ ಮನೆಗಳಲ್ಲೂ ಇದೆ, ನಮ್ಮ ಅಕ್ಕಂದಿರದ್ದೂ ಮಾಡಿಸಿದ್ದೇವೆ. ಆದರೆ ಅಣ್ಣಾವ್ರೆ, ಬೈಗುಳವಾದದ್ದು ಬಣ್ಣವೋ, ಬೈದವನ ನಾಲಿಗೆಯೋ? ನಾವೇ ಅಳಿಸಿ ಕೊಟ್ಟರೆ ಅವನ ಕೆಲಸ ಸಲೀಸಾಯಿತು, ಅಷ್ಟೇ. ಅವರು ಇನ್ನೂ ಒಪ್ಪಿಲ್ಲ. ಜಗಳ ನಡೆಯುತ್ತಿದೆ, ನಡೆಯಲಿ.

ಆ ತಾಯಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಬಣ್ಣದ ಬಗ್ಗೆ ಒಂದು ಸೊಲ್ಲೆತ್ತಲಿಲ್ಲ. "ಕುಡ್ಲು ಹಿಡ್ದಿರೋದು ತಪ್ಪಾಗದೆ ಕಣವ್ವ" ಅಂದರು. "ಹಿಂಗ್ ಹಿಡುದ್ರೆ ಬೆಳ್ಳು ಹೋಯ್ತದೆ." ಎದ್ದು, ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ತೆಗೆದು ಹಿಡಿದು ತೋರಿಸಿದರು. ಹೆಬ್ಬೆರಳು ಹಿಡಿಯ ಮೇಲೆ ಹೇಗೆ ಬಾಗಬೇಕು, ಎಡಗೈ ತೆನೆಯನ್ನು ಅಲಗಿನಿಂದ ಎಷ್ಟು ಮೇಲೆ ಹಿಡಿಯಬೇಕು. ನಮ್ಮವಳು ಅಲ್ಲೇ ಕೂತು ಗೀಚಿಕೊಂಡಳು. ಕೈಯ ಗೆರೆ, ಬಣ್ಣ, ನೆರಳು ಮೂರನ್ನೂ ಅಳಿಸಿ ಮತ್ತೆ ಬರೆದಳು. ಒಂದು ಪೂರ್ತಿ ರಾತ್ರಿ. ಈ ಚಿತ್ರಕ್ಕೆ ಸಿಕ್ಕ ವಿಮರ್ಶೆ ಅಂತ ಇದ್ದರೆ ಅದು ಇದೊಂದೇ.

ಆಮೇಲೆ ಪ್ರೆಸ್ಸು. ಪಟದ ಮೊದಲ ಪ್ರೂಫ್ ಬಂತು. ಬಿಡಿಸಿ ನೋಡಿದರೆ ಅಮ್ಮ ಬೆಳ್ಳಗಾಗಿದ್ದಾಳೆ! ಮೂರು ವಾರ ಕೂತು ಕಟ್ಟಿದ ಮುಖ ಮತ್ತೆ ಪೇಟೆಯ ಪಟದ ಮುಖಕ್ಕೆ ಹತ್ತಿರ ಹೋಗಿದೆ. ಕೇಳಿದರೆ ಅಲ್ಲಿಯ ಹುಡುಗ, "ತುಂಬ ಡಾರ್ಕ್ ಇತ್ತಣ್ಣ, ಚೂರು ಬ್ರೈಟ್ ಮಾಡ್ದೆ, ಚೆನ್ನಾಗ್ ಕಾಣ್ಲಿ ಅಂತ" ಅಂದ. ಹೇಳಿದವನು ನಮ್ಮಷ್ಟೇ ಕಪ್ಪು. ಅವನ ಮೇಲೆ ಕೂಗಾಡಿದೆವು. ಅವನು ಸುಮ್ಮನಿದ್ದು, ಬ್ರೈಟ್ ಮಾಡದೇ ತೆಗೆದ ಇನ್ನೊಂದು ಪ್ರತಿಯನ್ನು ಮೇಜಿನ ಮೇಲಿಟ್ಟ. ಅದರಲ್ಲಿ ಅಮ್ಮನಿಗೆ ಕಣ್ಣೂ ಇರಲಿಲ್ಲ, ಮೂಗೂ ಇರಲಿಲ್ಲ. ಒಂದು ಕಪ್ಪು ಮುದ್ದೆ, ಕೈಯಲ್ಲಿ ಕುಡುಗೋಲು.

ತಪ್ಪು ನಮ್ಮದೂ ಇತ್ತು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಕೆಂಪು, ಹಸಿರು, ನೀಲಿ. ಪ್ರೆಸ್ಸು ಮಾಡುವುದು ನಾಲ್ಕು ಶಾಯಿಯಿಂದ, ತಿಳಿನೀಲಿ, ಕಡುಗುಲಾಬಿ, ಹಳದಿ, ಕಪ್ಪು. ಅಗ್ಗದ ಕಾಗದ ಶಾಯಿಯನ್ನು ಹೀರಿ ಹರಡಿಸುತ್ತದೆ. ಫೈಲಿನಲ್ಲಿ ನೂರಕ್ಕೆ 50 ಇದ್ದ ಚುಕ್ಕಿ ಅಂಥ ಕಾಗದದಲ್ಲಿ 70ರ ಹತ್ತಿರ ಊದಿಕೊಳ್ಳುವುದುಂಟು. ನಾಲ್ಕೂ ಶಾಯಿ ಸೇರಿ 300 ದಾಟಿದ ಜಾಗ ಒಣಗುವುದೂ ಕಷ್ಟ. ಬೆಳ್ಳಗಿನ ಮುಖ ಈ ಊತವನ್ನು ತಡೆದುಕೊಳ್ಳುತ್ತದೆ. ಕಪ್ಪು ಮುಖ ಮುಳುಗುತ್ತದೆ. ಹಾಗಾಗಿ ಪ್ರೆಸ್ಸಿನ ಹುಡುಗರಿಗೆ ಮುಖ ಅಂದರೆ ಬ್ರೈಟ್ ಮಾಡುವುದೇ ರೂಢಿ. ಯಾರೋ ಒಬ್ಬ ದುಷ್ಟ ಕೂತು ನಮ್ಮ ತಾಯಂದಿರನ್ನು ಬಿಳಿಚಿಸುತ್ತಿದ್ದಾನೆಂದು ತಿಳಿದಿದ್ದೆವು. ದುಷ್ಟ ಸಿಗಲಿಲ್ಲ. ಸಿಕ್ಕಿದ್ದು ರೂಢಿ, ಅಗ್ಗದ ಕಾಗದ, ಮತ್ತು ಎಲ್ಲರ ಕಣ್ಣಿನಲ್ಲೂ ಕೂತಿರುವ ಶರ್ಲಿ. ದುಷ್ಟನನ್ನಾದರೆ ಬೈದು ಬರಬಹುದಿತ್ತು. ಇದಕ್ಕೆ ಕೆಲಸ ಕಲಿಯಬೇಕಾಯಿತು.

ಆ ಹುಡುಗನೇ ಸ್ಟೂಲು ಎಳೆದುಕೊಂಡು ನಮ್ಮವಳ ಪಕ್ಕ ಕೂತ. ಇಡೀ ಚಿತ್ರವನ್ನು ಬ್ರೈಟ್ ಮಾಡುವ ಬದಲು ಮುಖದಲ್ಲಿ ಕಪ್ಪು ಶಾಯಿಯನ್ನು ಮಾತ್ರ ಇಳಿಸಿದರು, ಗಾಢತೆಯನ್ನು ಗುಲಾಬಿ ಮತ್ತು ಹಳದಿಯ ಮೇಲೆ ಹೊರಿಸಿದರು. ಕಣ್ಣಿನ ಗುಳಿ, ಮೂಗಿನ ಪಕ್ಕ, ಕತ್ತು, ಈ ಮೂರು ಕಡೆಯ ನೆರಳನ್ನಷ್ಟೇ ಬಿಡಿಸಿದರು. ಹಿಂದಿನ ಆಕಾಶವನ್ನು ಒಣಹುಲ್ಲಿನ ತಿಳಿ ಬಣ್ಣಕ್ಕೆ ತಂದರು, ಮುಖ ಅದರ ಎದುರು ಎದ್ದು ನಿಂತಿತು. ಮೂರು ಪ್ರೂಫ್ ಹೋದವು. ದುಡ್ಡು ಮೇಷ್ಟ್ರ ಜೇಬಿನದು, ಅದಕ್ಕೆ ನಾಚಿಕೆಯಿದೆ, ತೀರಿಸುತ್ತೇವೆ. ನಾಲ್ಕನೆಯದರಲ್ಲಿ ಅಮ್ಮ ಬಂದಳು, ಕಪ್ಪಗೆ, ಕಣ್ಣು ಮೂಗಿನೊಂದಿಗೆ. ಹುಡುಗ ನೋಡಿ, "ನಮ್ಮವ್ವನಂಗೇ ಅವ್ಳೆ" ಅಂದ, ಮತ್ತೆ ಮಿಷಿನ್ನಿನ ಕಡೆ ಹೋದ.

ಪಟ ಈಗ ಆ ಶಾಲೆಯ ಗೋಡೆಯ ಮೇಲಿದೆ. ಪದರ ಬಿಡಿಸಿಟ್ಟ ಮೂಲ ಫೈಲು ನಮ್ಮ ಹತ್ತಿರವಿದೆ. ಮೇಷ್ಟ್ರುಗಳೇ, ಗೆಳೆಯರೇ, ಪೆನ್‌ಡ್ರೈವ್ ತನ್ನಿ, ಕಾಸು ಬೇಡ. ಕುಡುಗೋಲು ಬೇರೆ ಪದರದಲ್ಲಿದೆ, ನಿಮ್ಮ ಸೀಮೆಯಲ್ಲಿ ಅದರ ಆಕಾರ ಬೇರೆ ಇದ್ದರೆ ಬದಲಿಸಿಕೊಳ್ಳಿ. ರಾಗಿಯೂ ಬೇರೆ ಪದರ, ಜೋಳದ ಸೀಮೆಯವರು ಜೋಳ ಹಾಕಿಕೊಳ್ಳಿ, ಸೀರೆ ಉಡುವ ರೀತಿಯನ್ನೂ ನಿಮ್ಮ ಕಡೆಯದಕ್ಕೆ ತಿದ್ದಿಕೊಳ್ಳಿ. ಮುಖದ ಪದರಕ್ಕೆ ಮಾತ್ರ ಬೀಗ ಹಾಕಿದ್ದೇವೆ. ತೆಗೆಯೋದು ಸುಲಭ, ಒಂದು ಸಲ ಕ್ಲಿಕ್ ಮಾಡಿದರೆ ಸಾಕು. ಆದರೆ ತೆಗೆಯೋದಕ್ಕೆ ಮುಂಚೆ ಒಂದು ಗಳಿಗೆ ನಿಮ್ಮ ಮಕ್ಕಳ ತಾಯಂದಿರನ್ನು ನೋಡಿಕೊಂಡು ಬನ್ನಿ.